ಚೀಲಪ್ಪನ ಕಣ್ಣು ತಪ್ಪಿಸಿದ ಕಳ್ಳ

ಬಟ್ಟೆ ಗಿರಣಿಯ ಗೇಟಿನಲ್ಲಿ ಮೂವತ್ತೊಂದು ವರ್ಷದಿಂದ ಕಾವಲಿದ್ದವನಿಗೆ ಚೀಲಪ್ಪ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹೊರಗೆ ಹೋಗುವವರು ಯಾರೇ ಆಗಲಿ, ಚೀಲದ ಬಾಯಿ ಬಿಚ್ಚಿ ತೋರಿಸಲೇಬೇಕು. ಒಮ್ಮೆ ಮಾಲೀಕರ ಅತ್ತೆಯ ಕೈಚೀಲ ಬಿಚ್ಚಿಸಿ, ಅವರ ಹಲ್ಲಿನ ಸೆಟ್ಟನ್ನು ನಾಲ್ಕು ಜನರ ಮುಂದೆ ಹೊರಗೆಳೆದಿದ್ದ.

ಅಂಥವನ ಬಲಗಣ್ಣು ಒಂದು ಬೆಳಿಗ್ಗೆ ಕೆಂಡದಂತಾಯಿತು. ಬೆಳಕು ಕಂಡರೆ ಚುಚ್ಚುವುದು, ನೀರು ಸುರಿಯುವುದು. ಅವನ ಅಕ್ಕ, ತಾನು ಕಣ್ಣಿನ ಪೊರೆ ತೆಗೆಸಿದಾಗ ಉಳಿದಿದ್ದ ಹನಿ ಔಷಧದ ಸೀಸೆ ಹಿಡಿದು ಬಂದಳು.

“ತಲೆ ಎತ್ತೋ.”

“ಅಕ್ಕಾ, ಅದು ಹಳೇದಲ್ವಾ?”

“ನಾನೂ ಹಳಬಳೇ. ನನ್ನೂ ಬಿಸಾಕ್ತೀಯಾ?”

ಎರಡೇ ದಿನದಲ್ಲಿ ಕೆಂಪು ಇಳಿಯಿತು. ಅಕ್ಕ ಬೀದಿಯಲ್ಲೆಲ್ಲ ಜಂಬ ಕೊಚ್ಚಿಕೊಂಡಳು. ಆರನೆಯ ದಿನ ಕಣ್ಣಿಗೆ ಮಂಜು ಕವಿಯಿತು. ಚೀಲಪ್ಪ ಮೀಸೆ ಹೊತ್ತ ಮೇಸ್ತ್ರಿಗೆ “ಚೀಲ ಬಿಚ್ಚಮ್ಮಾ” ಎಂದುಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ಮಾತ್ರ ಅಕ್ಕನನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಓಡಿದ: ಕಣ್ಣು ಹೋದರೆ ಗೇಟೂ ಹೋಯಿತು.

ಅಲ್ಲಿನ ಡಾಕ್ಟರಮ್ಮ ಕಣ್ಣಿಗೆ ಹಳದಿ ಬಣ್ಣದ ಹನಿ ಬಿಟ್ಟು, ನೀಲಿ ಬೆಳಕಿನಲ್ಲಿ ನೋಡಿದರು. ಕರಿಗುಡ್ಡೆಯ ಮೇಲೆ ಒಣಗಿದ ಟೊಂಗೆಯಂತೆ ಗಾಯ.

“ಏನಾದ್ರೂ ಹನಿ ಹಾಕಿದ್ರಾ?”

ಅಕ್ಕ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಸೀಸೆಯ ಕಥೆಯನ್ನು ಚೀಲಪ್ಪನೇ ಹೇಳಬೇಕಾಯಿತು.

“ಇದು ಹರ್ಪಿಸ್ ಅನ್ನೋ ವೈರಸ್ಸು,” ಎಂದರು ಡಾಕ್ಟರಮ್ಮ. “ಚಿಕ್ಕಂದಿನಲ್ಲೇ ಮೈಗೆ ಸೇರಿ, ಮುಖದ ನರದ ಬುಡದಲ್ಲಿ ಮಲಗಿರುತ್ತೆ. ಈಗ ಎದ್ದು ಕಣ್ಣಿಗೆ ಇಳಿದಿದೆ.”

“ಇಷ್ಟು ವರ್ಷ ಒಳಗೇ ಇತ್ತಾ! ಮೈಯಲ್ಲಿ ಕಾವಲಿನೋರು ಏನ್ ಮಾಡ್ತಿದ್ರು?”

“ಅವ್ರೂ ನಿಮ್ಮ ಹಾಗೇ. ಒಂದೊಂದು ಜೀವಕೋಶವೂ ಒಳಗಿರೋದರ ಚೂರನ್ನ ಅವ್ರಿಗೆ ತೋರಿಸ್ತಿರಬೇಕು. ಈ ಕಳ್ಳ ಆ ಚೀಲದ ಬಾಯಿನೇ ಹೊಲಿದುಬಿಡ್ತಾನೆ.”

“ಅಯ್ಯೋ ಖದೀಮ!”

“ಮೊದಲೇ ಕಣ್ಣು ಗಾಜಿನ ಅಂಗಡಿ ಇದ್ದ ಹಾಗೆ. ಅಲ್ಲಿ ದೊಣ್ಣೆ ಬೀಸೋಕೆ ಕಾವಲಿನೋರೂ ಹಿಂದೆ ಮುಂದೆ ನೋಡ್ತಾರೆ. ನಿಮ್ಮಕ್ಕನ ಹನಿ ಊತ ಇಳಿಸೋ ಸ್ಟಿರಾಯ್ಡು, ಅದು ಕಾವಲಿನೋರಿಗೇ ಜೋಗುಳ ಹಾಡ್ತು. ಗಲಾಟೆ ನಿಂತು ಕೆಂಪೇನೋ ಇಳೀತು. ಕಳ್ಳ ಕಾಲು ಚಾಚಿ ಕೂತು ತಿಂದ. ಅಮ್ಮಾ, ಆ ಸೀಸೆ ಇವತ್ತೇ ಬಿಸಾಕಿ.”

“ಬಿಸಾಕ್ದೆ ಅಂತಲೇ ತಿಳ್ಕೊಳ್ಳಿ,” ಎಂದಳು ಅಕ್ಕ.

ಬೇರೆ ಮುಲಾಮು ಬಂತು, ದಿನಕ್ಕೆ ಐದು ಸಲ. ಮೂರು ವಾರಕ್ಕೆ ಮಂಜು ಸರಿಯಿತು. “ಅವನು ಸತ್ತಿಲ್ಲ, ಮತ್ತೆ ಮಲಗಿದಾನೆ. ಕಣ್ಣು ಕೆಂಪಾದ್ರೆ ನೇರ ಇಲ್ಲಿಗೇ ಬರಬೇಕು,” ಎಂದು ಡಾಕ್ಟರಮ್ಮ ಎಚ್ಚರಿಸಿ ಕಳಿಸಿದರು.

ಚೀಲಪ್ಪ ಗೇಟಿಗೆ ಮರಳಿದ ದಿನ ಅಕ್ಕ ಬುತ್ತಿ ತಂದಳು. ಅಷ್ಟರಲ್ಲಿ ನೂಲಿನ ವಿಭಾಗದ ಹೆಂಗಸೊಬ್ಬಳು ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಹೊರಗೆ ಬಂದಳು. ಅಕ್ಕನ ಕೈ ಮೆಲ್ಲಗೆ ತನ್ನ ಚೀಲದೊಳಗೆ ಇಳಿಯಿತು.

“ಅಕ್ಕಾ, ಚೀಲ ಬಿಚ್ಚು.”

“ಒಡಹುಟ್ಟಿದೋಳನ್ನೇ ತಪಾಸಣೆ ಮಾಡ್ತೀಯೇನೋ?”

“ಮಾಲೀಕರ ಅತ್ತೇನೇ ಬಿಟ್ಟಿಲ್ಲ ನಾನು.”

ವೀಳ್ಯದೆಲೆಯ ಅಡಿಯಲ್ಲಿ ಸೀಸೆ ಸಿಕ್ಕಿತು. ಚೀಲಪ್ಪ ಅದನ್ನು ಚರಂಡಿಗೆ ಬಗ್ಗಿಸಿ, ಆ ಹೆಂಗಸಿಗೆ ಡಾಕ್ಟರಮ್ಮನ ದಾರಿ ಹೇಳಿ ಕಳಿಸಿದ.

“ಇನ್ನೂ ಅರ್ಧ ಇತ್ತಲ್ಲೋ ಪಾಪಿ!” ಅಕ್ಕ ಬುತ್ತಿಯನ್ನು ಕುಕ್ಕಿ ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. “ದೊಡ್ಡ ಕಾವಲುಗಾರ! ನಿನ್ನ ತಲೇಲಿ ಮಲಗಿರೋನ ಚೀಲ ಬಿಚ್ಚಿಸು ನೋಡೋಣ!”

ಚೀಲಪ್ಪ ಬಲಗೆನ್ನೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ, ಮಲಗಿದವನಿಗೆ ಎಚ್ಚರವಾದೀತೆಂಬಂತೆ, ಸದ್ದಿಲ್ಲದೆ ಬುತ್ತಿ ಬಿಚ್ಚಿದ.