ತಂತಿಯ ಎರಡನೇ ಸುತ್ತು

"ತಲೆ ಕಡೆ ಎತ್ತಿ, ಗೋಡೆಗೆ ತಾಗುತ್ತೆ!" ಎಂದು ಮುದುಕಿ ಕತ್ತರಿ ಕೆಳಗಿನಿಂದ ಕೂಗಿದಳು.

ಮಹಡಿಯ ಮೆಟ್ಟಿಲು ತೀರಾ ಕಿರಿದು. ನಾಲ್ವರು ಹೊತ್ತಿದ್ದ ಗಡಿಯಾರದಮ್ಮನ ದೇಹ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಅವಳು ನಲವತ್ತು ವರ್ಷ ಆ ಮಹಡಿಯಲ್ಲಿ ಕೂತು ಊರಿನವರ ಕೈಗಡಿಯಾರ ರಿಪೇರಿ ಮಾಡಿದವಳು.

"ಈಗ್ಲೂ ನಿಧಾನವೇ ಇವಳದ್ದು," ಎಂದಳು ಕತ್ತರಿ. "ಒಂದು ಕೆಲಸಾನಾದ್ರೂ ಬೇಗ ಮುಗಿಸಿದ್ದು ನಾನು ಕಾಣೆ."

ಗಡಿಯಾರದಮ್ಮನ ಮಗಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಕತ್ತರಿ ಅಮ್ಮನ ಹಳೆಯ ಕೆಲಸದವಳು. ಕೂದಲಿನ ಕ್ಲಿಪ್ಪಿಗೆ ಕಟ್ಟುವ ಪ್ಲಾಸ್ಟಿಕ್ ಚಿಟ್ಟೆಗಳ ರೆಕ್ಕೆ ಕತ್ತರಿಸುತ್ತಿದ್ದುದರಿಂದ ಆ ಹೆಸರು, ನಾಲಿಗೆಗೂ ಒಪ್ಪುತ್ತಿತ್ತು. "ಒಂಬತ್ತು ಜನರ ಕೈಗೆ ಬಂದ ತುತ್ತು ಕಿತ್ತುಕೊಂಡವಳು" ಎಂದು ಇಪ್ಪತ್ತೈದು ವರ್ಷದಿಂದ ಇದೇ ಮನೆಗೆ ಬಂದು ಬೈದು ಹೋಗುತ್ತಿದ್ದಳು. ಬರುವುದನ್ನು ಮಾತ್ರ ಬಿಟ್ಟಿರಲಿಲ್ಲ.

*

ಮಗಳಿಗೆ ಎಂಟು ವರ್ಷವಾಗಿದ್ದಾಗ ಜ್ವರ ಬಂದು ತಲೆಗೂದಲೆಲ್ಲ ಉದುರಿತ್ತು. ಮತ್ತೆ ಬೆರಳುದ್ದ ಬೆಳೆದರೂ ಶಾಲೆಗೆ ಹೋಗಲು ಅವಳು ಒಪ್ಪಲಿಲ್ಲ. ಗಡಿಯಾರದಮ್ಮ ಕೆಟ್ಟುಹೋದ ಗಡಿಯಾರವೊಂದರ ಸ್ಪ್ರಿಂಗ್ ಬಿಚ್ಚಿ, ಕೂದಲಿನ ಕ್ಲಿಪ್ಪಿಗೆ ಕಟ್ಟಿ, ಅದರ ತುದಿಗೆ ಪ್ಲಾಸ್ಟಿಕ್ ಚಿಟ್ಟೆಯೊಂದನ್ನು ಕೂರಿಸಿಕೊಟ್ಟಳು. ಹೆಜ್ಜೆ ಇಟ್ಟರೆ ಸಾಕು, ಚಿಟ್ಟೆ ನಡುಗುತ್ತಿತ್ತು. ಮಗಳು ಶಾಲೆಗೆ ಹೋದಳು. ಸಂಜೆ ಅವಳ ಹಿಂದೆ ಮೂವರು ಹುಡುಗಿಯರು ಬಂದು ಬಾಗಿಲಲ್ಲಿ ನಿಂತಿದ್ದರು. ವಾರ ಕಳೆಯುವಷ್ಟರಲ್ಲಿ ಮೂವತ್ತು ಮಂದಿ.

ವರ್ಷದೊಳಗೆ ಊರಿನಲ್ಲಿ ಚಿಟ್ಟೆಯಿಲ್ಲದ ಜಡೆಯೇ ಇರಲಿಲ್ಲ. ಮಹಡಿಯಲ್ಲಿ ಒಂಬತ್ತು ಹೆಂಗಸರು ಕೆಲಸಕ್ಕೆ ಕೂತರು; ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಗಡಿಯಾರದಮ್ಮ ಸ್ಪ್ರಿಂಗ್ ಸುತ್ತಿ ಕೊಡುವಳು, ಅವರು ಕಟ್ಟುವರು. ಹುಡುಗಿಯರು ಪಾಠದ ನಡುವೆ ಬೇಕೆಂದೇ ತಲೆ ಆಡಿಸುತ್ತಾರೆಂದು ಶಾಲೆಯೊಂದು ಕ್ಲಿಪ್ಪನ್ನು ನಿಷೇಧಿಸಿತು. ಮರುದಿನದಿಂದ ಆ ಶಾಲೆಯ ಮಕ್ಕಳು ಎರಡೆರಡು ಕೊಂಡರು. ಅಂಟು ಹಚ್ಚಿದ ನಕಲಿಗಳು ಬೇರೆ ಊರುಗಳಿಂದ ಬಂದವು. ಗಡಿಯಾರದಮ್ಮ ಮಾತ್ರ ಸ್ಪ್ರಿಂಗ್ ತಂತಿಯ ತುದಿಯನ್ನು ಚಿಟ್ಟೆಯ ಹೊಟ್ಟೆಯಡಿ ಎರಡು ಸುತ್ತು ಸುತ್ತಿ ಒಳಕ್ಕೆ ಮಡಚಲೇಬೇಕೆಂದು ಪಟ್ಟು ಹಿಡಿದಿದ್ದಳು.

"ಒಂದು ಸುತ್ತು ಸಾಲ್ದಾ?" ಎಂದು ಕತ್ತರಿ ಗೊಣಗುವಳು.

"ಮಕ್ಕಳ ತಲೆ ಕಣೇ ಅದು."

ಒಂದು ದಿನ ಆಟದ ಬಯಲಿನಲ್ಲಿ ತಂತಿಯೊಂದು ಬಿಚ್ಚಿಕೊಂಡು ಆರು ವರ್ಷದ ಹುಡುಗಿಯ ಕಣ್ಣಿಗೆ ಚುಚ್ಚಿತು. ಊರೆಲ್ಲ ನಕಲಿ ಮಾಲನ್ನು ಬೈಯಿತು. ಗಡಿಯಾರದಮ್ಮ ಆಸ್ಪತ್ರೆಗೆ ಹೋಗಿ, ಆ ಕ್ಲಿಪ್ಪನ್ನು ಭೂತಗನ್ನಡಿಯಲ್ಲಿ ನೋಡಿ ಬಂದಳು. ಮರುದಿನ ಕೆಲಸ ನಿಲ್ಲಿಸಿದಳು. ಎರಡು ತಿಂಗಳು ಶಾಲೆಯಿಂದ ಶಾಲೆಗೆ ನಡೆದು, ರಿಬ್ಬನ್ ಕೊಟ್ಟು ಚಿಟ್ಟೆಗಳನ್ನು ವಾಪಸು ಕೇಳಿದಳು. ಮಕ್ಕಳು ಅತ್ತರು, ಸ್ವಂತ ಮಗಳೇ ಮೂರು ದಿನ ಮಾತು ಬಿಟ್ಟಳು. ನಕಲಿಗಳು ಇನ್ನೊಂದು ವರ್ಷ ಓಡಿದವು. ಆಮೇಲೆ ಮಕ್ಕಳು ಮಿನುಗುವ ಬೂಟ್ ಲೇಸಿಗೆ ಮರುಳಾದರು, ಚಿಟ್ಟೆಯನ್ನು ಕೇಳುವವರೇ ಇಲ್ಲವಾದರು. ಗಡಿಯಾರದಮ್ಮ ಮತ್ತೆ ಗಡಿಯಾರಗಳ ಮುಂದೆ ಕೂತಳು.

*

ದೇಹವನ್ನು ಕೆಳಗಿನ ಕೋಣೆಯಲ್ಲಿ ಇಳಿಸಿದ್ದರು. ಬಸ್ ಕಂಡಕ್ಟರ್ ಸಮವಸ್ತ್ರದಲ್ಲಿದ್ದ ಹೆಂಗಸೊಬ್ಬಳು ಒಳಗೆ ಬರುತ್ತ ಎಡಕ್ಕಿದ್ದ ಸ್ಟೂಲಿಗೆ ಎಡವಿದಳು.

"ಕ್ಷಮಿಸಿ, ಆ ಕಡೆ ನಂಗೆ ಕಾಣ್ಸಲ್ಲ," ಎಂದು ಮಗಳತ್ತ ತಿರುಗಿದಳು. "ತಂತಿ ಚುಚ್ಚಿತ್ತಲ್ಲ, ಆ ಹುಡುಗಿ ನಾನೇ. ಡ್ಯೂಟಿ ನಡುವೆ ಬಂದೆ."

ಮಗಳು ಸ್ಟೂಲನ್ನು ಗೋಡೆಯ ಬದಿಗೆ ಸರಿಸಿದಳು.

"ನಿಮ್ಮಮ್ಮ ಪ್ರತಿ ವರ್ಷ ನಮ್ಮನೆಗೆ ಬರ್ತಿದ್ರು. ಮೊದಮೊದಲು ನಮ್ಮಮ್ಮ ಒಳಗೇ ಬಿಟ್ಕೊಳ್ತಿರ್ಲಿಲ್ಲ. ಆಮೇಲಾಮೇಲೆ ಟೀ ಕೊಟ್ರು. ಬಂದಾಗೆಲ್ಲ ಒಂದೇ ಮಾತು: ಆ ಹಳದಿ ಕ್ಲಿಪ್ಪು ನನ್ನ ಕೈಯಾರೆ ಕಟ್ಟಿದ್ದು, ಒಂದು ಸುತ್ತು ಮರೆತುಬಿಟ್ಟೆ ಅಂತ."

"ಏನಂದ್ಲು?" ಮೂಲೆಯಿಂದ ಕತ್ತರಿ ಎದ್ದು ಬಂದಳು. "ಕೈಯಾರೆ ಕಟ್ಟಿದ್ದು ಅಂದ್ಲಾ?"

"ಹೂಂ."

ಕತ್ತರಿ ಸತ್ತವಳ ಮುಖವನ್ನೇ ನೋಡುತ್ತ ನಿಂತಳು. "ಅವಳು ಕಟ್ಟಿದ್ದಲ್ಲ. ಹಳದಿ ನನ್ನದು. ಬೇಗ ಮುಗೀಲಿ ಅಂತ ಆ ವಾರ ಪೂರ್ತಿ ಒಂದೇ ಸುತ್ತು ಹಾಕಿದ್ದೆ. ಇವಳಿಗೆ ಗೊತ್ತಾಗ್ಲಿಲ್ಲ ಅಂದ್ಕೊಂಡಿದ್ದೆ. ಗೊತ್ತಿದ್ದೂ ನನ್ನ ಕೈಲಿ ಬೈಸ್ಕೊಂಡ್ಲು. ಒಂದ್ಸಲ ಬಾಯಿ ಬಿಟ್ಟಿದ್ರೆ ನಾನು ಸುಮ್ನಾಗ್ತಿರ್ಲಿಲ್ವಾ?"

ಕಂಡಕ್ಟರ್ ತನ್ನ ಚರ್ಮದ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇಪ್ಪತ್ತೈದು ಸಲ ಹೇಳಿದ್ರು," ಎಂದಳು ಕೊನೆಗೆ. "ನಾನು ನಂಬಿದ್ದೆ."

ಹೊರಗೆ ನಡೆದಳು.

ವ್ಯಾನು ನಡಿಗೆಯ ವೇಗದಲ್ಲಿ ಹೊರಟಿತು. ಜನ ಹಿಂದೆ ನಡೆದರು. ಕತ್ತರಿ ಎಲ್ಲರಿಗಿಂತ ಹಿಂದೆ ಉಳಿದಿದ್ದಳು. ಹೆದ್ದಾರಿ ಸೇರಿ ರಸ್ತೆಯ ಬಲಬದಿ ಹಿಡಿದಾಗ ಲಾರಿಗಳು ಮೈಗೆ ತಾಗುವಷ್ಟು ಹತ್ತಿರ ಹಾಯತೊಡಗಿದವು. ಕತ್ತರಿ ಏದುಸಿರು ಬಿಡುತ್ತ ಬಿರಬಿರನೆ ಬಂದು, ಕಂಡಕ್ಟರಳ ಎಡಗಡೆ, ಲಾರಿಗಳಿಗೂ ಅವಳಿಗೂ ನಡುವೆ ಸೇರಿಕೊಂಡಳು.

ಯಾರೆಂದು ತಿಳಿಯಲು ಕಂಡಕ್ಟರ್ ಪೂರ್ತಿ ಮುಖ ತಿರುಗಿಸಬೇಕಾಯಿತು. ನೋಡಿದಳು. ಮತ್ತೆ ಮುಂದೆ ನೋಡುತ್ತ, ಮುದುಕಿಯ ನಡಿಗೆಗೆ ತಕ್ಕಂತೆ ತನ್ನ ಹೆಜ್ಜೆಯನ್ನು ಸಣ್ಣದು ಮಾಡಿದಳು.