ಯಾದವನ ಪೆನ್ಷನ್, ಕುಸುಮಾವತಿಯ ಪಾಲು

ಸಿಡ್ನಿಯ ಟೂಂಗಾಬಿಯಲ್ಲಿ ಕುಸುಮಾವತಿಯ ಮನೆಯ ಊಟದ ಮೇಜಿನ ಮೇಲೆ ಒಂದು ಫಾರಂ ಹದಿನೈದು ದಿನದಿಂದ ಬಿದ್ದಿತ್ತು. ಅದರ ಮೇಲೆ ಒಮ್ಮೆ ಸಾರು ಚೆಲ್ಲಿತ್ತು, ಅದರ ಎದುರು ಎರಡು ಬಾರಿ ಜಗಳವಾಗಿತ್ತು. ಸಹಿ ಮಾತ್ರ ಬಿದ್ದಿರಲಿಲ್ಲ.

ಅವಳ ಗಂಡ ಯಾದವ ಆಸ್ಟ್ರೇಲಿಯಾದ ನೌಕಾಪಡೆಯಲ್ಲಿ ಚೀಫ್ ದರ್ಜೆಯ ಹಿರಿಯ ನಾವಿಕ. ಮಲ್ಪೆಯಲ್ಲಿ ಅಪ್ಪನ ಮೀನಿನ ಬೋಟಿನ ಎಂಜಿನ್ ಬಿಚ್ಚಿ ಜೋಡಿಸುತ್ತ ಬೆಳೆದವನು, ಇಲ್ಲಿ ಯುದ್ಧನೌಕೆಯ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ. ಅವನು ಬಿಳಿ ಸಮವಸ್ತ್ರ ಹಾಕಿ ನಿಂತರೆ ಕುಸುಮಾವತಿಗೆ ಈಗಲೂ ಎದೆ ತುಂಬುತ್ತಿತ್ತು. ಮುಂದಿನ ತಿಂಗಳು ಅವನಿಗೆ ಅರವತ್ತು ತುಂಬುತ್ತದೆ, ಅಲ್ಲಿಗೆ ನಿವೃತ್ತಿ.

ಫಾರಂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಪೆನ್ಷನ್ ಬೇಕೋ, ಇಡಿಗಂಟು ಬೇಕೋ? ಪೆನ್ಷನ್ ಎಂದರೆ ಯಾದವ ಇರುವವರೆಗೆ ಅವನಿಗೆ ಹಣ ಬರುತ್ತದೆ. ಅವನು ಹೋದರೆ ಅದರ ಸುಮಾರು ಮೂರರಲ್ಲಿ ಎರಡು ಪಾಲು ಹೆಂಡತಿಗೆ, ಅವಳು ಬದುಕಿರುವಷ್ಟು ಕಾಲ. ಪೂರ್ತಿ ಇಡಿಗಂಟು ತೆಗೆದುಕೊಂಡರೆ ಕೈತುಂಬ ಹಣ ಒಮ್ಮೆಗೇ ಸಿಗುತ್ತದೆ, ಆದರೆ ಹೆಂಡತಿಗೆ ಮುಂದೆ ಪೆನ್ಷನ್ ಇಲ್ಲ.

ಯಾದವ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದ. ಇಡಿಗಂಟು ತೆಗೆದುಕೊಳ್ಳುವುದು, ಮನೆಯ ಮಾರ್ಟ್‌ಗೇಜ್ ತೀರಿಸುವುದು, ಹೊರಗಿನ ಕಂಪನಿಯಲ್ಲಿ ಒಂದು ಜೀವವಿಮೆ ಮಾಡಿಸುವುದು. ವಿಮೆಯ ಅರ್ಜಿಯನ್ನೂ ತುಂಬಿಸಿ ಇಟ್ಟಿದ್ದ. ಶನಿವಾರ ಬೆಳಿಗ್ಗೆ ಮೇಜು ಒರೆಸುತ್ತಿದ್ದ ಕುಸುಮಾವತಿ ಅದನ್ನು ಓದಿದಳು.

“ಇದೆಂತ? ಹಣ ಯಾರಿಗೆ ಅಂತ ಕೇಳಿದ ಕಡೆ ಭಾಗೀರಥಿಯ ಹೆಸರುಂಟು?”

“ಮತ್ತೆ ಯಾರದ್ದು ಹಾಕ್ಬೇಕು? ನಮ್ಮಲ್ಲಿ ಗಂಡಸಿನದ್ದು ಹೋಗುವುದು ತಂಗಿಯ ಮನೆಗೆ ಅಲ್ವಾ? ನನ್ನ ಸೋದರಮಾವ ಸಂಪಾದಿಸಿದ್ದು ನನ್ನ ಅಮ್ಮನಿಗೆ ಬಂತು. ನನ್ನದು ಭಾಗೀರಥಿಗೆ, ಅವಳ ನಂತರ ಅವಳ ಮಗ, ನನ್ನ ಅಳಿಯ ಪ್ರತೀಕನಿಗೆ.”

ಇದು ಕರಾವಳಿಯ ಅಳಿಯಕಟ್ಟು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಹಳೆಯ ಪದ್ಧತಿ. ಕಾಯಿದೆ ಬದಲಾಗಿ ಎಷ್ಟೋ ಕಾಲವಾಯಿತು, ಯಾದವನ ತಲೆಯೊಳಗೆ ಬದಲಾಗಿರಲಿಲ್ಲ.

“ಮತ್ತೆ ನನಗೆ?”

“ನಿನಗೆ ಮನೆ ಉಂಟು. ಸಾಲ ತೀರಿಸಿಯೇ ಕೊಡ್ತೇನೆ.”

“ಗೋಡೆ ಬೇಯಿಸಿ ತಿನ್ನುವುದಾ?”

“ನಿನ್ನ ಅಮ್ಮನ ಮನೆ ಉಂಟಲ್ಲ ಮಾರಾಯ್ತಿ.”

“ಎಲ್ಲಿ ಉಂಟು? ಅಮ್ಮ ಹೋದ ಮೇಲೆ ಮಾರಿ ಆಯ್ತು. ಅಲ್ಲೀಗ ಲಾಡ್ಜ್ ಉಂಟು. ಹೋಗಿ ರೂಮು ಮಾಡಿಕೊಂಡು ಇರ್ಲಾ?”

ಯಾದವ ಹಿತ್ತಲಿಗೆ ಹೋಗಿ, ನಿನ್ನೆಯಷ್ಟೇ ಕತ್ತರಿಸಿದ್ದ ಹುಲ್ಲನ್ನು ಮತ್ತೆ ಕತ್ತರಿಸತೊಡಗಿದ.

ಕುಸುಮಾವತಿ ಒಳಗೇ ಕುದಿದಳು. ಅವಳು ಚೈಲ್ಡ್‌ಕೇರ್ ಟೀಚರ್. ಗಂಡನ ಪೋಸ್ಟಿಂಗ್ ಹಿಂದೆ ಕೇರ್ನ್ಸ್‌ಗೆ ಹೋದಳು, ಡಾರ್ವಿನ್‌ಗೆ ಹೋದಳು, ಪರ್ತ್‌ಗೆ ಹೋದಳು, ಮತ್ತೆ ಸಿಡ್ನಿಗೆ ಬಂದಳು. ಪ್ರತಿ ಊರಿನಲ್ಲೂ ಕೆಲಸ ಬಿಟ್ಟಳು, ಪ್ರತಿ ಊರಿನಲ್ಲೂ ಹೊಸಬಳಾಗಿ ಕೆಳಗಿನಿಂದ ಶುರು ಮಾಡಿದಳು. ನಡುವೆ ವರ್ಷಗಟ್ಟಲೆ ಕೆಲಸವೇ ಇರಲಿಲ್ಲ. ಹಾಗಾಗಿ ಅವಳ ಸ್ವಂತ ಸೂಪರ್ ಖಾತೆಯಲ್ಲಿ, ಅಂದರೆ ನಿವೃತ್ತಿ ನಿಧಿಯಲ್ಲಿ, ಇದ್ದದ್ದು ಎರಡು ವರ್ಷದ ಖರ್ಚಿಗೂ ಸಾಲದು. ಮಕ್ಕಳಿಲ್ಲ. ಯಾದವ ಮೊದಲು ಹೋದರೆ ಅವಳು ಯಾರ ಮನೆಯ ಬಾಗಿಲಲ್ಲಿ ನಿಲ್ಲಬೇಕು?

ಸೋಮವಾರ ಅವಳೂ ಹಟ ಹಿಡಿದು ಗಂಡನ ಜೊತೆ ಹತ್ತಿರದ ನಾರ್ವೆಸ್ಟ್‌ಗೆ ಹೋದಳು. ಅಲ್ಲಿ ವಿಮೆಯ ಆಫೀಸಿನಲ್ಲಿ ಸುದರ್ಶನ್ ಎಂಬ ಬೆಂಗಳೂರಿನ ಹುಡುಗ ಅವರನ್ನು ಕೂರಿಸಿದ.

“ಸರ್, ನಿಮ್ಮ ಏಜ್‌ಗೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಬರುತ್ತೆ. ಬಿಪಿ ಇದೆ ಅಂತ ಬರ್ದಿದೀರಾ. ಅದಕ್ಕೆ ಮೇಲೆ ಇನ್ನೊಂದಿಷ್ಟು ಸೇರಿಸ್ತಾರೆ.”

“ಒಮ್ಮೆ ಕಟ್ಟಿದ್ರೆ ಆಯ್ತಲ್ಲ?” ಎಂದ ಯಾದವ.

“ಇಲ್ಲ ಸರ್, ಪ್ರತಿ ವರ್ಷ ಕಟ್ಬೇಕು. ವಯಸ್ಸಾದ ಹಾಗೆ ಅದೂ ಏರ್ತಾ ಹೋಗುತ್ತೆ. ಕಟ್ಟೋದು ನಿಲ್ಸಿದ್ರೆ ಕವರ್ ಹೋಯ್ತು.”

ಕುಸುಮಾವತಿ ಕುರ್ಚಿ ಮುಂದೆ ಎಳೆದುಕೊಂಡಳು. “ಎಷ್ಟು ವರ್ಷದವರೆಗೆ?”

“ಈ ಪಾಲಿಸಿ ಎಪ್ಪತ್ತೈದಕ್ಕೆ ಮುಗಿಯುತ್ತೆ ಮೇಡಂ.”

“ಎಪ್ಪತ್ತಾರಕ್ಕೆ ಇವರು ಹೋದ್ರೆ?”

ಸುದರ್ಶನ್ ಪೆನ್ನು ಕೆಳಗಿಟ್ಟ. “ಏನೂ ಬರಲ್ಲ ಮೇಡಂ. ಕಟ್ಟಿದ್ದೂ ವಾಪಸ್ ಬರಲ್ಲ. ಸರ್, ಪೆನ್ಷನ್ ಬಿಡೋ ಮುಂಚೆ ನಿಮ್ಮ ಡಿಫೆನ್ಸ್ ಫಂಡ್‌ನವರನ್ನ ಒಂದ್ಸಲ ಕೇಳಿ. ನಂಗೆ ಬಿಸಿನೆಸ್ ಹೋದ್ರೂ ಪರವಾಗಿಲ್ಲ.”

ಕಾರಿನಲ್ಲಿ ಯಾದವ ತನ್ನ ಹಟ ಬಿಡಲಿಲ್ಲ. “ನಮ್ಮ ಮನೆಯಲ್ಲಿ ಗಂಡಸರು ಎಪ್ಪತ್ತು ದಾಟಿದ್ದೇ ಇಲ್ಲ. ಪಾಲಿಸಿ ದುಡ್ಡು ಬಂದೇ ಬರ್ತದೆ.”

“ಟೈಮಿಗೆ ಸರಿಯಾಗಿ ಸಾಯ್ತೇನೆ ಅಂತ ನೀವು ಗ್ಯಾರಂಟಿ ಕೊಡ್ತೀರಾ?” ಎಂದಳು ಕುಸುಮಾವತಿ.

ಆ ವಾರದ ಕೊನೆಗೆ ಇಬ್ಬರೂ ಮೆಲ್ಬರ್ನ್‌ಗೆ ಹಾರಿದರು. ಭಾಗೀರಥಿ ಇದ್ದದ್ದು ಅಲ್ಲಿನ ಪಾಯಿಂಟ್ ಕುಕ್‌ನಲ್ಲಿ. ತಂಗಿಗೆ ತಾನು ಏನು ಬಿಟ್ಟುಹೋಗುತ್ತೇನೆ ಎಂಬುದನ್ನು ಎದುರು ಕೂತು ಹೇಳಬೇಕು ಎಂಬುದು ಯಾದವನ ಆಸೆ. ಮಧ್ಯಾಹ್ನದ ಊಟಕ್ಕೆ ಭಾಗೀರಥಿ ಪಕ್ಕದ ಮನೆಯ ಜಯಲಕ್ಷ್ಮಿಯನ್ನೂ ಕರೆದಿದ್ದಳು. ಜಯಲಕ್ಷ್ಮಿಯ ಗಂಡ ಗುರುಬಸವ ಧಾರವಾಡದ ಕಡೆಯವರು. ಇಲ್ಲಿನ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾಗಿ, ನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದರು.

ಮೀನು ಸಾರು ಬಡಿಸುತ್ತಿದ್ದಾಗ ಯಾದವ ಸುದ್ದಿ ಹೇಳಿದ. ಭಾಗೀರಥಿಯ ಕೈಯ ಸೌಟು ಪಾತ್ರೆಗೆ ಬಿತ್ತು.

“ಅಣ್ಣ, ನಾನು ಕೇಳಿದ್ದೆನಾ?”

“ಕೇಳಬೇಕಾ? ಅದು ನಮ್ಮ ಕಟ್ಟು.”

“ಎಂತ ಕಟ್ಟು? ಹೆಂಗಸು ಯಾರ ಮುಂದೆಯೂ ಕೈ ಚಾಚಬಾರದು, ಅವಳಿಗೆ ಅವಳದ್ದೇ ಮನೆ, ಅವಳದ್ದೇ ಅನ್ನ ಇರಬೇಕು ಅಂತ ಇದ್ದ ಕಟ್ಟು ಅದು. ನೀನು ಅದನ್ನೇ ಹಿಡ್ಕೊಂಡು ಅತ್ತಿಗೆಯನ್ನು ಬೀದಿಗೆ ಹಾಕ್ತೀಯಾ? ನನಗೆ ಕೆಲಸ ಉಂಟು, ಗಂಡ ಇದ್ದಾರೆ, ಪ್ರತೀಕನಿಗೆ ಎರಡು ಕೈ ಉಂಟು. ಅತ್ತಿಗೆಗೆ ಯಾರುಂಟು ಹೇಳು.”

ಯಾದವನ ಮುಖ ಕೆಂಪಾಯಿತು. ತಂಗಿ ಹೀಗೆ ಎದುರು ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ. “ದುಡಿದದ್ದು ನಾನು. ಯಾರಿಗೆ ಕೊಡ್ಬೇಕು ಅಂತ ನನಗೆ ಗೊತ್ತುಂಟು.”

ಅಷ್ಟು ದಿನ ಕುದಿದದ್ದು ಆಗ ಉಕ್ಕಿತು. ಕುಸುಮಾವತಿ ದನಿ ಏರಿಸಲಿಲ್ಲ.

“ದುಡಿದದ್ದು ನೀವೊಬ್ಬರೇ ಅಲ್ಲ. ನೀವು ಏಳು ತಿಂಗಳು ಸಮುದ್ರದಲ್ಲಿ ಇದ್ದಾಗ ಡಾರ್ವಿನ್‌ನಲ್ಲಿ ಸೈಕ್ಲೋನ್ ಬಂತು. ಕಿಟಕಿಗೆ ಹಲಗೆ ಹೊಡೆದದ್ದು ನಾನು. ನಿಮ್ಮ ಅಮ್ಮ ಹಾಸಿಗೆ ಹಿಡಿದಾಗ ಊರಿಗೆ ಹೋಗಿ ನೋಡಿಕೊಂಡದ್ದು ನಾನು. ನಾಲ್ಕು ಊರಿನಲ್ಲಿ ನಾಲ್ಕು ಕೆಲಸ ಬಿಟ್ಟೆ. ನಿಮಗೆ ಮೆಡಲ್ ಕೊಟ್ಟಾಗ ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದ್ದೂ ನಾನೇ. ನಾನು ದಾನ ಕೇಳ್ತಾ ಇಲ್ಲ. ಆ ಪೆನ್ಷನ್‌ನಲ್ಲಿ ನನ್ನ ದುಡಿಮೆ ಉಂಟು.”

ಯಾರೂ ಊಟ ಮಾಡಲಿಲ್ಲ. ಆಗ ಜಯಲಕ್ಷ್ಮಿ ಮಾತು ತೆಗೆದಳು.

“ಯಾದವ ಅಣ್ಣಾರ, ಸಿಟ್ಟಿಗೇಳಬ್ಯಾಡ್ರಿ. ನಮ್ಮ ಮನಿಯವರೂ ಹಿಂಗ ಇಡಿಗಂಟು ಅಂತ ಕುಣಿದಿದ್ರು. ಮನಿ ದೊಡ್ಡದು ಮಾಡೋಣು, ಹೊಸ ಕಾರು ತರೋಣು ಅಂತ. ನಾನು ಫಂಡಿಗೆ ಫೋನ್ ಹಚ್ಚಿ, ಎರಡೂ ದಾರಿದು ಲೆಕ್ಕ ಬರೆದು ಕಳಸ್ರಿ ಅಂದೆ. ಕಳಿಸಿದ್ರು. ಅವರು ಓದಿ ಸುಮ್ಮನಾದ್ರು, ಪೆನ್ಷನ್ ತಗೊಂಡ್ರು.”

“ಈಗ ನಿಮಗೆ ಬರ್ತದಾ ಜಯಕ್ಕ?” ಎಂದು ಕೇಳಿದಳು ಕುಸುಮಾವತಿ.

“ಪ್ರತಿ ಹದಿನೈದು ದಿನಕ್ಕ ಬರತೈತಿ. ಬೆಲೆ ಏರಿದಂಗ ಅದೂ ಏರತೈತಿ. ಅವರು ಹೋದ ವಾರ ನಾನು ಅಳಾಕ ಕುಂತಿದ್ದೆ, ಮನಿ ಟ್ಯಾಕ್ಸ್ ಹೆಂಗ ಕಟ್ಟಲಿ ಅಂತ ಕುಂತಿರಲಿಲ್ಲ. ಮಗನ ಕಡೆ ಒಂದು ಡಾಲರ್ ಕೇಳಿಲ್ಲ ಇನ್ನೂ. ಮೊಮ್ಮಗಳಿಗೆ ಸೈಕಲ್ ಕೊಡಿಸಿದಾಕಿ ನಾನು. ನಮ್ಮ ಮನಿಯವರಿಗೆ ಜಂಬ ಭಾಳ ಇತ್ರಿ, ಈಗ ನನಗ ಬಂದೈತಿ.”

ಭಾಗೀರಥಿ ನಕ್ಕಳು. ಯಾದವ ನಗಲಿಲ್ಲ, ಆದರೆ ಕೇಳಿದ. “ಹಾಗಾದ್ರೆ ವಿಮೆ ಸುಳ್ಳಾ?”

“ಸುಳ್ಳು ಅಂದೆನೇನ್ರಿ? ಪೆನ್ಷನ್ನಿಗೂ ಒಂದು ಕೊರತಿ ಐತಿ. ಗಂಡ ಹೆಂಡತಿ ಇಬ್ಬರೂ ಹೋದ್ರ ಅಲ್ಲಿಗೆ ಬಂದ್. ಬೇರೆಯವರಿಗೆ ಉಳಿಯೂದಿಲ್ಲ. ಹೆಂಡತಿಗೆ ದೊಡ್ಡ ಕಾಯಿಲೆ ಇದ್ರ, ಇಲ್ಲಾ ಆಕಿಗೆ ಸ್ವಂತದ್ದ ಸಾಕಷ್ಟು ಇದ್ರ, ಇಡಿಗಂಟು ಸರಿ ಅನ್ನಿಸಬಹುದು. ಅಳಿಯಗ ಏನರೆ ಬಿಡಬೇಕು ಅಂದ್ರ ಸಣ್ಣದೊಂದು ವಿಮಾ ಬ್ಯಾರೆ ಮಾಡಸ್ರಿ, ಕಟ್ಟಾಕ ಆಗುವಷ್ಟು. ಆದ್ರ ಹೆಂಡತಿ ಅನ್ನ ಮಾರಿ ವಿಮಾ ಕೊಳ್ಳಬ್ಯಾಡ್ರಿ. ಮತ್ತ ಒಂದು ನೆನಪಿಡ್ರಿ, ಒಮ್ಮೆ ಆರಿಸಿ ರೊಕ್ಕ ಬರಾಕ ಹತ್ತಿದ್ರ ಹಿಂದ ತಿರುಗಾಕ ಬರೂದಿಲ್ಲ.”

ಇಪ್ಪತ್ತೆರಡು ವರ್ಷ ಹಡಗಿನ ಎಂಜಿನ್ ಒಂದೇ ಒಂದು ದಿನ ತನ್ನ ತಪ್ಪಿನಿಂದ ನಿಂತಿಲ್ಲ ಎಂದು ಹೇಳಿಕೊಳ್ಳುವ ಮನುಷ್ಯ ಯಾದವ. ಮನೆಯ ಬಗ್ಗೆ ಮಾತ್ರ ಮಾವನ ಕಾಲದ ನಕ್ಷೆ ಹಿಡಿದು ನಡೆದಿದ್ದ. ಕೊನೆಗೆ ತಂಗಿಯ ಕಡೆ ನೋಡಿ, “ನಿನಗೆ ಬೇಜಾರಿಲ್ವಾ?” ಎಂದ.

“ನೀನು ಅತ್ತಿಗೆಗೆ ಅನ್ಯಾಯ ಮಾಡಿದ್ರೆ ಬೇಜಾರು. ಈಗ ಊಟ ಮಾಡು, ಮೀನು ತಣ್ಣಗಾಯ್ತು.”

ಸಿಡ್ನಿಗೆ ಮರಳಿದ ಮರುದಿನವೇ ಯಾದವ ಫಂಡಿಗೆ ಫೋನ್ ಮಾಡಿದ, ಸ್ಪೀಕರ್ ಹಾಕಿ. ಅವನು ಕೇಳದೆ ಬಿಟ್ಟ ಪ್ರಶ್ನೆಗಳನ್ನು ಕುಸುಮಾವತಿ ಕೇಳಿದಳು. ಎರಡೂ ದಾರಿಯ ಲೆಕ್ಕ ಬರಹದಲ್ಲಿ ಬಂತು. ಲೈಸೆನ್ಸ್ ಇರುವ ಒಬ್ಬ ಹಣಕಾಸು ಸಲಹೆಗಾರರಿಗೆ ಫೀಸು ಕೊಟ್ಟು ಅದನ್ನು ತೋರಿಸಿದರು. ಯಾದವ ಸೇರಿದ್ದ ಪೆನ್ಷನ್ ಯೋಜನೆಯಲ್ಲಿ ಒಂದು ಭಾಗವನ್ನು ಇಡಿಗಂಟಾಗಿ ತೆಗೆದು ಉಳಿದದ್ದನ್ನು ಪೆನ್ಷನ್ ಮಾಡಿಕೊಳ್ಳಲು ಅವಕಾಶವಿತ್ತು. ಇಡಿಗಂಟಿನ ಭಾಗ ಮಾರ್ಟ್‌ಗೇಜಿಗೆ ಹೋಯಿತು. ಉಳಿದ ಸಾಲ ಪೆನ್ಷನ್ನಿನಲ್ಲಿ ತೀರುವಷ್ಟಾಯಿತು. ದೊಡ್ಡ ವಿಮೆಯ ಅರ್ಜಿಯನ್ನು ಯಾದವ ತಾನೇ ಹರಿದ.

ಫಾರಂನಲ್ಲಿ ಸಂಗಾತಿಯ ವಿವರ ಕೇಳುವ ಪುಟ ಬಂದಾಗ ಅವನು ಪೆನ್ನನ್ನು ಹೆಂಡತಿಯ ಕಡೆ ತಳ್ಳಿದ. ಕುಸುಮಾವತಿ ತನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ, ಯಾರಿಗೂ ಸಂಶಯ ಬಾರದಂತೆ ಬರೆದಳು.

ಬೀಳ್ಕೊಡುಗೆಯ ದಿನ ನೌಕಾನೆಲೆಯಲ್ಲಿ ಹೊಸ ಕಮಾಂಡರ್ ಯಾದವನ ಕೈಕುಲುಕಿ, ಒಟ್ಟು ಎಷ್ಟು ವರ್ಷದ ಸೇವೆ ಎಂದು ಕೇಳಿದರು. ಯಾದವ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿದ್ದ ಕುಸುಮಾವತಿಯನ್ನು ತೋರಿಸಿ, “ನಂದು ಇಪ್ಪತ್ತೆರಡು ಸರ್, ಇವಳದ್ದೂ ಇಪ್ಪತ್ತೆರಡು” ಎಂದ. ಕಮಾಂಡರ್ ಅವಳಿಗೂ ಕೈ ನೀಡಿದರು. ಕುಸುಮಾವತಿ ಗಟ್ಟಿಯಾಗಿ ಹಿಡಿದು ಕುಲುಕಿದಳು.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಆಸ್ಟ್ರೇಲಿಯಾದ ಸೇನೆಯಿಂದ ನಿವೃತ್ತರಾಗುವವರು ಇದ್ದರೆ ಆ ಫಾರಂ ಈಗಲೇ ಹೊರಗೆ ತೆಗೆಯಿರಿ. ನೀವು ಯಾವ ಯೋಜನೆಯಲ್ಲಿದ್ದೀರಿ ಎಂದು ಮೊದಲು ಕೇಳಿ ತಿಳಿಯಿರಿ. ಎರಡು ಸಾವಿರದ ಹದಿನಾರರ ಜುಲೈ ಒಂದರಿಂದ ಸೇರಿದವರ ಯೋಜನೆಯೇ ಬೇರೆ, ಅದರಲ್ಲಿ ಇಂಥ ಪೆನ್ಷನ್ ಇಲ್ಲ, ಅವರಿಗೆ ವಿಮೆಯ ಮಾತು ಇನ್ನೂ ಮುಖ್ಯ. ನಾನು ಹೋದ ಮೇಲೆ ಹೆಂಡತಿಗೆ ಎಷ್ಟು, ಎಲ್ಲಿಯವರೆಗೆ, ಬೆಲೆ ಏರಿದಂತೆ ಏರುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವಿಮೆಯವರನ್ನೂ ಕೇಳಿ: ಪ್ರೀಮಿಯಂ ಎಷ್ಟು ಏರುತ್ತದೆ, ಯಾವ ವಯಸ್ಸಿಗೆ ಮುಗಿಯುತ್ತದೆ? ಸಾವಿನ ಮಾತು ಮನೆಯಲ್ಲಿ ಆಡಬಾರದು ಎಂದು ಬಾಯಿ ಮುಚ್ಚಿ ಕೂರಬೇಡಿ. ಹೆಂಡತಿಯನ್ನು ಅಡುಗೆಮನೆಗೆ ಕಳಿಸಿ ಸಹಿ ಹಾಕಬೇಡಿ. ತಾಯಂದಿರೇ, ಗಂಡ ಕರೆಯುವವರೆಗೆ ಕಾಯಬೇಡಿ. ಕುರ್ಚಿ ಎಳೆದುಕೊಂಡು ಕೂತು ಪ್ರತಿ ಸಾಲನ್ನೂ ಓದಿ. ದೇಶಕ್ಕೆ ಸೇವೆ ಸಲ್ಲಿಸಿದ್ದು ನಿಮ್ಮ ಮನೆ ಪೂರ್ತಿ. ಅದರ ಫಲ ಕೊನೆಯವರೆಗೆ ನಿಮ್ಮ ಮನೆಯಲ್ಲೇ ಇರಲಿ.