ಬೀಳಲೊಲ್ಲದ ಕಣಜ

ರೈತ ಅಜ್ಜಿ ಪರಾಸ್ಕಾಳ ಲಾರಿಯ ಸೈಲೆನ್ಸರ್ ಕಳಚಿ ಬಿದ್ದಿತ್ತು. ಬೀಳದೆ ಇನ್ನೇನು ಮಾಡೀತು? ವೊಲೋಕಾ ಊರಿನ ರೈಲು ಹಳಿ ಪಕ್ಕದ ಮರದ ಕಣಜಕ್ಕೆ ಧಾನ್ಯ ಕೊಳ್ಳುವ ಕಂಪನಿ ಬೀಗ ಜಡಿದ ಮೇಲೆ, ಕೆನಡಾದ ಸಸ್ಕಾಚೆವಾನಿನ ಆ ಜಲ್ಲಿ ದಾರಿಯಲ್ಲಿ ಅರ್ಧ ದಿನ ಗೋಧಿ ಹೇರಿಕೊಂಡು ಕಂಪನಿಯದೇ ಹೊಸ ಸಿಮೆಂಟು ಕಣಜಕ್ಕೆ ಹೋಗಬೇಕಿತ್ತು. ಅಲ್ಲಿ ಸರದಿ ಕಾದು ನಿಂತರೆ ಹೊಟ್ಟು, ಕಸ ಎಂದು ತೂಕಕ್ಕೆ ಕತ್ತರಿ. ಕೇಳಿದರೆ, ಬೇರೆಲ್ಲಾದರೂ ಮಾರಿಕೋ ಎನ್ನುವ ದಿಮಾಕು. ಬೇರೆಲ್ಲಿದೆ?

ಹಳೇ ಕಣಜ ನಮಗೆ ಮಾರಿ, ನಾವೇ ರೈಲಿಗೆ ತುಂಬಿಕೊಳ್ಳುತ್ತೇವೆ ಎಂದು ಊರವರು ಕೇಳಿದರು. ಕಂಪನಿ ಒಪ್ಪಲಿಲ್ಲ. ಪೂರಾ ಕೊಳೆತಿದೆ, ಗಾಳಿ ಬಂದರೆ ಬೀಳುತ್ತದೆ, ಕೆಡವುತ್ತೇವೆ ಎಂದಿತು.

ಕೆಡವುವ ದಿನ ಊರಿಗೆ ಊರೇ ಕುರ್ಚಿ ತಂದು ಹಳಿಯ ಪಕ್ಕ ಕೂತಿತು. ಪರಾಸ್ಕಾ ಪಾತ್ರೆ ತುಂಬ ಪಿರೋಹಿ ಕಡುಬು ಬೇಯಿಸಿ ತಂದಿದ್ದಳು. ಯಂತ್ರ ಕಣಜದ ಬುಡ ಕಚ್ಚಿತು. ಕಣಜ ಅಲುಗಲಿಲ್ಲ. ಇನ್ನೊಂದು ಮಗ್ಗುಲು ಕಚ್ಚಿತು. ಊಹೂಂ.

"ಏನ್ ಸಾಹೇಬ್ರೇ, ಗಾಳಿ ಬಂದ್ರೆ ಬೀಳುತ್ತೆ ಅಂದ್ರಿ?" ಪರಾಸ್ಕಾ ಕಂಪನಿಯ ಅಧಿಕಾರಿ ಹಾರ್ಗ್ರೀವ್‌ನನ್ನು ಕೆಣಕಿದಳು. "ನಾವೆಲ್ಲ ಸೇರಿ ಊದೋಣ್ವಾ?"

ಜನ ಬಿದ್ದು ಬಿದ್ದು ನಕ್ಕರು. ಹಾರ್ಗ್ರೀವ್‌ನ ಮುಖ ಕೆಂಪಾಯಿತು.

"ಒಳಗೆಲ್ಲ ಬರೀ ಹುಡಿ ಅಜ್ಜೀ. ಒಲೆಗೂ ಆಗಲ್ಲ."

"ಅಯ್ಯೋ ಪಾಪ! ಹಂಗಾದ್ರೆ ಆ ಕಸ ನಾವೇ ಬಳ್ಕೊಂಡು ಹೋಗ್ಬೋದಾ? ನಿಮ್ಗೆ ಸಾಗಿಸೋ ತಾಪತ್ರಯ ತಪ್ಪುತ್ತೆ."

"ತಗೊಂಡ್ಹೋಗಿ! ಒಂದು ಕಡ್ಡಿನೂ ಬಿಡ್ಬೇಡಿ!"

"ಎಲ್ರೂ ಕೇಳಿಸ್ಕೊಂಡ್ರೇನ್ರೋ?"

"ಕೇಳಿಸ್ತಜ್ಜೀ!" ಎಂದಿತು ಊರು.

ಹೊತ್ತು ಇಳಿಯುವಾಗ ಕಣಜ ಬಿತ್ತು. ಪರಾಸ್ಕಾ ಅತ್ತೇಬಿಟ್ಟಳು. ಮದುವೆಯಾಗಿ ಬಂದ ದಿನ ಆ ಬಯಲಿನಲ್ಲಿ ಮೊದಲು ಕಂಡದ್ದು ಅದೇ. ಅದರ ಮೈಮೇಲೆ ಬರೆದಿದ್ದ ಊರಿನ ಹೆಸರು ಓದಿಯೇ ಗಂಡನ ಮನೆ ಬಂತೆಂದು ತಿಳಿದಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಲಾರಿ ಹತ್ತಿದಳು. ಊರವರು ಲಾರಿಗಳಿಗೆ ಹೇರಿಕೊಂಡ ಹಲಗೆಗಳು ಕಬ್ಬಿಣದ ಹಾಗೆ ಗಟ್ಟಿಯಾಗಿದ್ದವು.

ರೈತ ತಾನೇ ರೈಲು ಡಬ್ಬಿ ತರಿಸಿ ತುಂಬಿಕೊಳ್ಳಬಹುದೆಂಬ ಹಳೇ ಕಾನೂನು ಅಲ್ಲಿ ಇನ್ನೂ ಜೀವಂತವಾಗಿತ್ತು. ಕಂಪನಿ ಅದನ್ನು ಯಾರಿಗೂ ನೆನಪಿಸುತ್ತಿರಲಿಲ್ಲ, ಅಷ್ಟೇ. ಮುಂದಿನ ಸುಗ್ಗಿಗೆ ಹಳಿಯ ಪಕ್ಕ ಲಾರಿ ಹತ್ತಿ ನಿಲ್ಲುವಷ್ಟು ದೊಡ್ಡ ಹಲಗೆ ಕಟ್ಟೆಯೊಂದು ಎದ್ದಿತು. ಕೆಳಗೆ ಖಾಲಿ ಡಬ್ಬಿಗಳು ಬಾಯಿ ತೆರೆದು ನಿಂತವು.

ಹಾರ್ಗ್ರೀವ್ ಓಡಿ ಬಂದ. "ಇದು ನಮ್ಮ ಕಣಜದ ಮರ! ಮೋಸ!"

"ನಿಮ್ದು ಕೊಳೆತಿತ್ತಲ್ಲಪ್ಪ," ಪರಾಸ್ಕಾ ಲಾರಿಯ ಕಿಟಕಿಯಿಂದ ತಲೆ ಹೊರಹಾಕಿದಳು. "ಇದ್ರಲ್ಲಿ ಕೊಳೆತಿರೋ ಹಲಗೆ ಒಂದು ಹುಡುಕಿ ತೋರ್ಸಿ, ಈಗ್ಲೇ ಕಿತ್ತು ಕೊಡ್ತೀವಿ."

"ಕೋರ್ಟಿಗೆ ಹೋಗ್ತೀನಿ!"

"ಹೋಗಿ ಹೋಗಿ. ಈಗ ಸ್ವಲ್ಪ ಜಾಗ ಬಿಡಿ, ಲಾರಿ ಹಿಂದಕ್ಕೆ ಬರ್ತಿದೆ."

ಪರಾಸ್ಕಾಳ ಹಿಂದೆ ಊರಿನ ಲಾರಿಗಳೆಲ್ಲ ಸಾಲಾಗಿ ನಿಂತಿದ್ದವು. ಹಾರ್ಗ್ರೀವ್ ಪಕ್ಕಕ್ಕೆ ಸರಿದ.